ಬಾಕಿ ಚಿಲ್ಲರೆ

ಹನ್ನೊಂದು ವರ್ಷ ಈ ಬಸ್ಸಿನ ನಡುದಾರಿಯಲ್ಲಿ
ಅಡ್ಡಡ್ಡ ನಡೆದವನು ನಾನು, ಏಡಿಯ ಹಾಗೆ.
ಹಿಂದಿನ ಸೀಟಿನವರ ದುಡ್ಡು
ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬರುತ್ತಿತ್ತು,
ಟಿಕೆಟ್ಟೂ ಹಾಗೇ ವಾಪಸು ಹೋಗುತ್ತಿತ್ತು.
ಕುಶಾಲನಗರದಲ್ಲಿ ಹತ್ತಿದ ನೂರ ನಲವತ್ತೆರಡು ಕೇಜಿ
ಮಡಿಕೇರಿಯಲ್ಲಿ ಇಳಿಯುವಾಗಲೂ ಅಷ್ಟೇ.
"ಬೆಳ್ಯಪ್ಪಣ್ಣ ಹತ್ತಿದರು, ಇನ್ನು ಸ್ಟ್ಯಾಂಡಿಂಗ್ ಇಲ್ಲ"
ಎಂದು ಡ್ರೈವರ್ ಹಂಸ ಕೂಗುತ್ತಿದ್ದ.
ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

"ಕೊಬ್ಬು ನಿನಗೆ" ಎನ್ನುತ್ತಿದ್ದರು
ಸುಂಟಿಕೊಪ್ಪದ ಡ್ರಿಲ್ ಮೇಷ್ಟ್ರು.
ಎದುರು ಮಾತಿಗೂ ಮೈಯ ಮಡಿಕೆಗೂ
ಅವರಲ್ಲಿ ಒಂದೇ ಪದ,
ಒಂದೇ ಬೆತ್ತ.

ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕತ್ತರಿಸಿ
ಏಲಕ್ಕಿ ಬಾಳೆಹಣ್ಣಿನಷ್ಟು ಉಳಿಸಿ ಕಳಿಸಿದರು.
ಆಮೇಲೆ ಕೊಬ್ಬೆಂದರೆ ನನಗೆ
ತಿರುವಿನಲ್ಲಿ ನಿಂತ ಚೆಕಿಂಗ್ ಜೀಪು.
ಒಗ್ಗರಣೆಯಿಲ್ಲದ ಸಾರು, ಕೆನೆ ತೆಗೆದ ಮೊಸರು,
ಹಳದಿ ಕಳೆದುಕೊಂಡ ಮೊಟ್ಟೆ.
ಅರವತ್ತು ಕೇಜಿ ಎಲ್ಲೋ ಇಳಿದುಹೋಯಿತು,
ಯಾವ ಸ್ಟಾಪಿನಲ್ಲಿ ಎಂದು ನಾನು ನೋಡಿಕೊಳ್ಳಲಿಲ್ಲ.
ಹಿಂದೆಯೇ ಕೂದಲೂ ಹೊರಟಿತು.
ನೋಟು ಎಣಿಸುವಾಗ ಉಗುರು ಸೀಳತೊಡಗಿತು.

ಆಹಾರದ ಚೀಟಿ ಬರೆಯುವ ಸಣ್ಣ ಹುಡುಗಿ
ನನ್ನ ರಕ್ತದ ಕಾಗದ ಓದಿ
"ನಿಮಗೆ ಕೊಬ್ಬು ಸಾಲದು" ಎಂದಳು.
ಐವತ್ತೊಂದು ವರ್ಷದಲ್ಲಿ ಮೊದಲ ಸಲ!
ಮೇಷ್ಟ್ರು ಬದುಕಿದ್ದರೆ
ಆ ಚೀಟಿಗೆ ಕಟ್ಟು ಹಾಕಿಸಿ ಒಯ್ದು ಕೊಡುತ್ತಿದ್ದೆ.
ಕೆಲವು ವಿಟಮಿನ್ನುಗಳು ಒಂಟಿಯಾಗಿ ಹತ್ತುವುದಿಲ್ಲವಂತೆ,
ಕೊಬ್ಬಿನ ಕೈ ಹಿಡಿದೇ ಹತ್ತುತ್ತವಂತೆ,
ಅರ್ಧ ಟಿಕೆಟ್ಟಿನ ಮಕ್ಕಳ ಹಾಗೆ.
"ಚೀಸ್ ತಿನ್ನಿ. ಬೆಂಕಿಪೊಟ್ಟಣದಷ್ಟು. ನಿಧಾನ."

ನನಗೆ ಕೇಳಿಸಿದ್ದು "ತಿನ್ನಿ" ಮಾತ್ರ.
ಕೈಲ್‌ಪೊಳ್ದಿನ ಮಧ್ಯಾಹ್ನ ಅಕ್ಕನ ಅಡಿಗೆಮನೆಯಲ್ಲಿ
ಕಾಚಂಪುಳಿಯ ಕಪ್ಪಿನ ನಡುವೆ
ಬಿಳಿ ಬಿಳಿಯಾಗಿ ನಡುಗುತ್ತಿದ್ದ ಪಂದಿ,
ನಾಲ್ಕು ತುಂಡು. ನಾಲ್ಕೇ ನಾಲ್ಕು.
ಎದೆ ಹೊಡೆದುಕೊಂಡಿತು, ಬೆವರು, ಕತ್ತಲೆ.
ಮರುದಿನವೂ ಹೊಟ್ಟೆ ನಿಲ್ಲದೆ
ಆನೆಕಾಡಿನಲ್ಲಿ ಬಸ್ಸು ನಿಲ್ಲಿಸಿ ಮರದ ಹಿಂದೆ ಓಡಿದೆ.
ಆನೆ ಬರುವ ಜಾಗ,
ಯಾರೂ ಕಿಟಕಿಯಿಂದ ತಮಾಷೆ ಮಾಡಲಿಲ್ಲ.

ವಾಪಸು ಹತ್ತಿದಾಗ
ಸ್ವೆಟರ್ ಮೂಟೆಯ ಪೇಮಾ, ಮೂರನೇ ಸೀಟಿನವಳು,
ಚೀಲದಿಂದ ದಾರ ಎಳೆದು ಒಂದು ಮಣಿ ಕಳಚಿ ಕೊಟ್ಟಳು.
ಛುರ್ಪಿ. ಅವರ ಚೀಸು.
ಬೆಣ್ಣೆ ತೆಗೆದ ಮೇಲೆ ಉಳಿದದ್ದನ್ನು
ಒಣಗಿಸಿ ಒಣಗಿಸಿ ಕಲ್ಲು ಮಾಡಿದ್ದು.
"ಕಚ್ಚಬೇಡ. ಸುಮ್ಮನೆ ಇಟ್ಟುಕೊ."
ಕೆನ್ನೆಯಲ್ಲಿಟ್ಟುಕೊಂಡೆ.
ಏಳನೇ ಹೊಸಕೋಟೆಯವರೆಗೆ ಬರೀ ಕಲ್ಲು.
ಸುಂಟಿಕೊಪ್ಪದಲ್ಲಿ ಸ್ವಲ್ಪ ಹುಳಿ.
ಬೋಯಿಕೇರಿ ದಾಟುವಾಗ ಎಲ್ಲೋ ಒಳಗಿನಿಂದ
ಹಾಲು ಬಂತು.
ರೈಟ್ ಎನ್ನಲು ಬಾಯಿ ತೆರೆಯಲಾಗದೆ
ಬಾಗಿಲು ಬಡಿದೆ. ಎರಡು ಸಲ.

ಈಗ ಪುತ್ತರಿ.
ಅಕ್ಕ ಬೊಳ್ಳವ್ವ ನನ್ನ ತಟ್ಟೆಗೆ
ಐದು ರೂಪಾಯಿ ನಾಣ್ಯದಷ್ಟು ಒಂದು ತುಂಡು ಹಾಕಿ
ಸೌಟು ಹಿಡಿದು ನಿಂತಿದ್ದಾಳೆ, ನನ್ನ ಮುಖ ನೋಡುತ್ತ.
ಕಚ್ಚಲಿಲ್ಲ. ಇಟ್ಟುಕೊಂಡೆ.
ಮೊದಲು ಮೆಣಸು, ಆಮೇಲೆ ಹುಳಿ,
ಆಮೇಲೆ ಆ ಬಿಳಿ,
ಯಾರನ್ನೂ ಬೈಯದೆ ಕರಗುತ್ತ.
ನೂರರ ನೋಟು ಚಾಚಿದವರಿಗೆ ದಿನವೂ ಹೇಳುವುದನ್ನೇ
ಈ ಬಾಳೆಹಣ್ಣಿನಷ್ಟು ಹೊಟ್ಟೆ ನನಗೆ ಹೇಳುತ್ತದೆ,
ಚಿಲ್ಲರೆ ಕೊಡಿ ಸ್ವಾಮಿ, ಚಿಲ್ಲರೆ.

"ಇನ್ನೊಂದು?" ಎಂದಳು ಅಕ್ಕ.
"ಬಾಕಿ ಟಿಕೆಟ್ ಹಿಂದೆ ಬರೆದಿಡು" ಎಂದೆ,
"ಇಳಿಯುವಾಗ ಇಸ್ಕೊತೀನಿ."